ಹೆಚ್ಚು ಪಂದ್ಯ ಸೋತ ತಂಡವೇ ಅತಿ ಕೆಟ್ಟ ತಂಡವೇ?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದು ತಂಡ ಸೀಸನ್ನಿಗೆ 162 ಪಂದ್ಯ ಆಡುತ್ತದೆ. 2024ರ ಸೆಪ್ಟೆಂಬರ್ 27ರಂದು ಡೆಟ್ರಾಯ್ಟ್‌ನಲ್ಲಿ ಶಿಕಾಗೊ ವೈಟ್ ಸಾಕ್ಸ್ ತನ್ನ 121ನೇ ಸೋಲು ಕಂಡಿತು. 1962ರ ನ್ಯೂಯಾರ್ಕ್ ಮೆಟ್ಸ್ ಹೆಸರಿನಲ್ಲಿದ್ದ 120 ಸೋಲುಗಳ ಆಧುನಿಕ (1900ರ ನಂತರದ) ದಾಖಲೆ ಅಲ್ಲಿಗೆ ಅಳಿಯಿತು. ಮರುವರ್ಷ ಕೊಲರಾಡೊ ರಾಕೀಸ್ 43 ಗೆದ್ದು 119 ಸೋತಿತು. ಎರಡು ಸೋಲು ಕಡಿಮೆಯಾದ್ದರಿಂದ ದಾಖಲೆ ಪುಸ್ತಕದಲ್ಲಿ ಅದರ ಹೆಸರು ಕೆಳಗಿದೆ. ಆದರೆ ಪಂದ್ಯಗಳ ಒಳಗೆ ಇಳಿದು ಲೆಕ್ಕ ಹಾಕಿದರೆ ಹೆಚ್ಚು ಕೆಟ್ಟದಾಗಿ ಆಡಿದ್ದು ರಾಕೀಸ್. ಸೋಲಿನ ಸಂಖ್ಯೆಯೊಂದನ್ನೇ ನೋಡುವವರಿಗೆ ಇದು ಕಾಣುವುದಿಲ್ಲ.

ಲೆಕ್ಕ ಹಾಕುವ ಬಗೆ ಸುಲಭ. ಬೇಸ್‌ಬಾಲ್ ಅಂಕಿಅಂಶಗಳ ತಜ್ಞ ಬಿಲ್ ಜೇಮ್ಸ್ ರೂಪಿಸಿದ ಸೂತ್ರ ಇದು. ಪೈಥಾಗರಸ್‌ನ ಪ್ರಮೇಯದಂತೆಯೇ ಇಲ್ಲಿಯೂ ವರ್ಗಗಳ ಮೊತ್ತ ಇರುವುದರಿಂದ ಅವನ ಹೆಸರೇ ಅಂಟಿಕೊಂಡಿದೆ. ತಂಡ ಗಳಿಸಿದ ರನ್ನುಗಳ ವರ್ಗವನ್ನು, ಗಳಿಸಿದ ರನ್ ಮತ್ತು ಬಿಟ್ಟುಕೊಟ್ಟ ರನ್ ಇವೆರಡರ ವರ್ಗಗಳ ಮೊತ್ತದಿಂದ ಭಾಗಿಸಬೇಕು. ಬಂದದ್ದನ್ನು ಪಂದ್ಯಗಳ ಸಂಖ್ಯೆಯಿಂದ ಗುಣಿಸಿದರೆ ಆ ತಂಡ ಎಷ್ಟು ಗೆಲ್ಲಬೇಕಿತ್ತು ಎಂಬ ಅಂದಾಜು ಸಿಗುತ್ತದೆ. ವೈಟ್ ಸಾಕ್ಸ್ ಗಳಿಸಿದ್ದು 507, ಕೊಟ್ಟಿದ್ದು 813. ವರ್ಗಗಳು 2,57,049 ಮತ್ತು 6,60,969, ಮೊತ್ತ 9,18,018. ಭಾಗಿಸಿದರೆ 0.28, ಅಂದರೆ 162ರಲ್ಲಿ 45 ಗೆಲುವು. ನಿಜವಾಗಿ ಗೆದ್ದಿದ್ದು 41. ರಾಕೀಸ್ ಗಳಿಸಿದ್ದು 597, ಕೊಟ್ಟಿದ್ದು 1,021. ಇದೇ ಲೆಕ್ಕದಲ್ಲಿ 41 ಗೆಲುವು ಬರುತ್ತದೆ, ಆದರೆ ಅದು ಗೆದ್ದಿದ್ದು 43. ಒಂದು ತಂಡದ ಕೈಯಿಂದ ನಾಲ್ಕು ಪಂದ್ಯ ಜಾರಿದವು, ಇನ್ನೊಂದಕ್ಕೆ ಎರಡು ದಕ್ಕಿದವು. ಇಡೀ ಸೀಸನ್ನಿನಲ್ಲಿ ಈ ಸೂತ್ರದಿಂದ ನಾಲ್ಕೈದು ಪಂದ್ಯ ಆಚೀಚೆಯಾಗುವುದು ಸಹಜ. ಹಾಗಾಗಿ 121, 119ರ ನಡುವಿನ ವ್ಯತ್ಯಾಸಕ್ಕೆ ಅರ್ಥವಿಲ್ಲ. ಮೈನಸ್ 306 ಮತ್ತು ಮೈನಸ್ 424ರ ನಡುವಿನ ರನ್ ವ್ಯತ್ಯಾಸಕ್ಕೆ ಅರ್ಥವಿದೆ. ಐಪಿಎಲ್ ಪಟ್ಟಿಯಲ್ಲಿ ಅಂಕಗಳ ಪಕ್ಕದಲ್ಲಿರುವ ನೆಟ್ ರನ್ ರೇಟನ್ನು ಓದಿ ಅಭ್ಯಾಸವಿದ್ದವರಿಗೆ ಇದು ಹೊಸ ವಿಚಾರವೇನಲ್ಲ.

ಇಲ್ಲಿಂದ ಮುಂದೆ ಕೇಳಬೇಕಾದ ಪ್ರಶ್ನೆ, ಆ ರನ್ನುಗಳು ಎಲ್ಲಿಂದ ಸೋರಿದವು ಎಂಬುದು. ಒಂದೊಂದು ತಂಡದ ಉತ್ತರ ಒಂದೊಂದು.

1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ 20 ಗೆದ್ದು 134 ಸೋತಿತು. ವೃತ್ತಿಪರ ಬೇಸ್‌ಬಾಲ್‌ನ ಉನ್ನತ ದರ್ಜೆಯಲ್ಲಿ ಇಷ್ಟು ಸೋತ ತಂಡ ಇನ್ನೊಂದಿಲ್ಲ. ಹಿಂದಿನ ವರ್ಷ ಅದೇ ತಂಡ 81 ಗೆದ್ದು 68 ಸೋತಿತ್ತು. ನಡುವೆ ನಡೆದದ್ದು ಇಷ್ಟು: ಮಾಲೀಕರಾದ ರಾಬಿಸನ್ ಸಹೋದರರು ಸೇಂಟ್ ಲೂಯಿಸ್ ತಂಡವನ್ನೂ ಕೊಂಡರು. ಒಬ್ಬರ ಕೈಯಲ್ಲಿ ಒಂದೇ ಲೀಗಿನ ಎರಡು ತಂಡ ಇರಲು ಆಗ ಅಡ್ಡಿ ಇರಲಿಲ್ಲ. ಸೇಂಟ್ ಲೂಯಿಸ್‌ನಲ್ಲಿ ಹೆಚ್ಚು ಜನ ಬರುತ್ತಾರೆಂದು ಲೆಕ್ಕ ಹಾಕಿ ಪಿಚರ್ (ಚೆಂಡು ಎಸೆಯುವವ) ಸೈ ಯಂಗ್, ಬ್ಯಾಟರ್ ಜೆಸ್ಸಿ ಬರ್ಕೆಟ್, ಬಾಬಿ ವ್ಯಾಲೇಸ್ ಎಲ್ಲರನ್ನೂ ಅಲ್ಲಿಗೆ ಸಾಗಿಸಿದರು. ಆ ವರ್ಷ ಸೇಂಟ್ ಲೂಯಿಸ್‌ಗಾಗಿ ಯಂಗ್ 26 ಪಂದ್ಯ ಗೆದ್ದರು, ಬರ್ಕೆಟ್ ಬ್ಯಾಟಿಂಗ್ ಸರಾಸರಿ .396, ಅಂದರೆ ಸಾವಿರ ಯತ್ನಕ್ಕೆ 396 ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪುವುದು). ಕ್ಲೀವ್‌ಲ್ಯಾಂಡ್‌ಗೆ ಉಳಿದದ್ದು ಮಿಕ್ಕವರು.

ಜನ ಮೈದಾನಕ್ಕೆ ಬರುವುದನ್ನೇ ಬಿಟ್ಟರು. 42 ತವರು ಪಂದ್ಯಗಳಿಗೆ ಬಂದವರು ಒಟ್ಟು 6,088, ಅಂದರೆ ಪಂದ್ಯಕ್ಕೆ 145 ಮಂದಿ. ಟಿಕೆಟ್ ಹಣದಲ್ಲಿ ಎದುರಾಳಿಗೂ ಪಾಲಿತ್ತು. ಆ ಪಾಲು ರೈಲು, ಹೋಟೆಲ್ ಖರ್ಚಿಗೂ ಸಾಲದೆ ಉಳಿದ ತಂಡಗಳು ಕ್ಲೀವ್‌ಲ್ಯಾಂಡ್‌ಗೆ ಬರಲು ಒಪ್ಪಲಿಲ್ಲ. ಪಂದ್ಯಗಳನ್ನು ಊರಿಂದಾಚೆ ಸಾಗಿಸಿದಂತೆ ಹೊರಗಿನ ಪಂದ್ಯಗಳ ಸಂಖ್ಯೆ 112ಕ್ಕೆ ಏರಿತು. ಅವುಗಳಲ್ಲಿ ಗೆದ್ದದ್ದು 11, ಸೋತದ್ದು 101. ಈಗ ಒಂದು ತಂಡ ಹೊರಗೆ ಆಡುವುದೇ 81 ಪಂದ್ಯವಾದ್ದರಿಂದ ಈ ದಾಖಲೆ ಎಂದೂ ಮುರಿಯುವುದಿಲ್ಲ. ಸತತ 24 ಸೋಲು, ಕೊನೆಯ 41 ಪಂದ್ಯಗಳಲ್ಲಿ 40 ಸೋಲು. ಪಿಚರ್ ಜಿಮ್ ಹ್ಯೂಯಿ ಲೆಕ್ಕಕ್ಕೆ 4 ಗೆಲುವು, 30 ಸೋಲು. ಸೀಸನ್ನಿನ ಕೊನೆಯ ದಿನ ಹೋಟೆಲಿನ ಚುಟ್ಟಾ ಅಂಗಡಿಯಲ್ಲಿ ಕೆಲಸಕ್ಕಿದ್ದ ಎಡ್ಡಿ ಕೋಲ್ಬ್ ಎಂಬ ಹುಡುಗನ ಕೈಗೆ ಚೆಂಡು ಕೊಟ್ಟರು. ಸಿನ್ಸಿನಾಟಿ ಎದುರು 19-3 ಸೋಲು.

ಗಳಿಸಿದ 529, ಕೊಟ್ಟ 1,252 ರನ್ನುಗಳನ್ನು ಸೂತ್ರಕ್ಕೆ ಹಾಕಿದರೆ 154 ಪಂದ್ಯಗಳಲ್ಲಿ 23 ಗೆಲುವು ಬರುತ್ತದೆ. 20ಕ್ಕೂ 23ಕ್ಕೂ ಬಹಳ ದೂರವಿಲ್ಲ, ದುರದೃಷ್ಟವನ್ನು ದೂರುವಂತಿಲ್ಲ. ಆಟಗಾರರನ್ನು ದೂರುವುದೂ ತಪ್ಪು, ಅವರನ್ನು ಅಲ್ಲಿ ನಿಲ್ಲಿಸಿದ್ದು ಬೇರೆಯವರು. ಆ ವರ್ಷ ಮುಗಿದ ಮೇಲೆ ನ್ಯಾಷನಲ್ ಲೀಗ್ 12 ತಂಡಗಳನ್ನು 8ಕ್ಕೆ ಇಳಿಸಿತು, ತೆಗೆದುಹಾಕಿದ ನಾಲ್ಕರಲ್ಲಿ ಕ್ಲೀವ್‌ಲ್ಯಾಂಡ್ ಒಂದು. ಒಬ್ಬ ಮಾಲೀಕನಿಗೆ ಒಂದೇ ತಂಡ ಎಂಬ ಇಂದಿನ ನಿಯಮ ಎಷ್ಟು ಮುಖ್ಯ ಎಂದು ತೋರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ.

1962ರ ಮೆಟ್ಸ್ ಕತೆ ಬೇರೆ. ಅದು ಹೊಸ ತಂಡ. ಹಳೆಯ ಎಂಟು ತಂಡಗಳು ಬಿಟ್ಟುಕೊಡಲು ಸಿದ್ಧವಿದ್ದ ಆಟಗಾರರ ಪಟ್ಟಿಯಿಂದ 1961ರ ಅಕ್ಟೋಬರ್‌ನಲ್ಲಿ ಮೆಟ್ಸ್ ಮತ್ತು ಇನ್ನೊಂದು ಹೊಸ ತಂಡವಾದ ಹ್ಯೂಸ್ಟನ್ ಆಯ್ಕೆ ಮಾಡಿಕೊಂಡವು. ಪಟ್ಟಿ ಒಂದೇ, ಫಲಿತಾಂಶ ನೋಡಿ. ಹ್ಯೂಸ್ಟನ್ 64 ಗೆದ್ದು, ಹಳೆಯ ತಂಡವಾದ ಶಿಕಾಗೊ ಕಬ್ಸ್‌ಗಿಂತ ಮೇಲೆ ನಿಂತಿತು. ಮೆಟ್ಸ್ ಗೆದ್ದಿದ್ದು 40. ನ್ಯೂಯಾರ್ಕಿನ ಜನರಿಗೆ ಪರಿಚಿತ ಮುಖಗಳು ಬೇಕೆಂದು ಅದು ಗಿಲ್ ಹಾಡ್ಜಸ್‌ರಂಥ ಹಳೆಯ ಹೆಸರುಗಳತ್ತ ವಾಲಿತು. ಮೊದಲ ಒಂಬತ್ತು ಪಂದ್ಯ ಸತತ ಸೋಲು, ವರ್ಷಕ್ಕೆ 210 ಫೀಲ್ಡಿಂಗ್ ತಪ್ಪು. ಹಾಗಿದ್ದರೂ 617 ಗಳಿಸಿ 948 ಕೊಟ್ಟ ತಂಡ 47-48 ಗೆಲ್ಲಬೇಕಿತ್ತು. ಏಳೆಂಟು ಪಂದ್ಯ ಕೈಜಾರಿದ್ದು ಕೂದಲೆಳೆಯ ಅಂತರದ ಪಂದ್ಯಗಳಲ್ಲಿ. ಏಳು ವರ್ಷದ ಬಳಿಕ, 1969ರಲ್ಲಿ, ಮೆಟ್ಸ್ ಚಾಂಪಿಯನ್ ಪಟ್ಟದ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ಮ್ಯಾನೇಜರ್ ಅದೇ ಹಾಡ್ಜಸ್.

ರಾಕೀಸ್ ವಿಷಯ ಬಂದಾಗಲೆಲ್ಲ ಡೆನ್ವರ್ ಊರಿನ ಎತ್ತರದ ಮಾತು ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಮೇಲೆ ಗಾಳಿ ತೆಳು. ತಿರುಗುವ ಚೆಂಡು ಬಾಗುವುದು ಗಾಳಿಯ ಒತ್ತಡದ ವ್ಯತ್ಯಾಸದಿಂದ. ಗಾಳಿ ತೆಳುವಾದರೆ ಕರ್ವ್‌ಬಾಲ್ ಬಾಗುವುದು ಕಡಿಮೆ. ಹೊಡೆದ ಚೆಂಡಿಗೆ ತಡೆ ಕಡಿಮೆಯಾಗಿ ದೂರ ಹೋಗುತ್ತದೆ. ಅದನ್ನು ಸರಿದೂಗಿಸಲು ಮೈದಾನವನ್ನು ದೊಡ್ಡದಾಗಿ ಕಟ್ಟಿದ್ದರಿಂದ ಫೀಲ್ಡರುಗಳ ನಡುವೆ ಖಾಲಿ ಜಾಗ ಹೆಚ್ಚು. ಒಣಹವೆಯಲ್ಲಿ ಚೆಂಡು ಗಟ್ಟಿಯಾಗಿ ಇನ್ನಷ್ಟು ಚಿಮ್ಮುತ್ತದೆಂದು 2002ರಿಂದ ತೇವಾಂಶ ಕಾಪಾಡುವ ಕೊಠಡಿಯಲ್ಲಿ ಚೆಂಡುಗಳನ್ನು ಇಡುತ್ತಾರೆ. ಇದೆಲ್ಲ ನಿಜ. ಆದರೆ ಅದೇ ಎತ್ತರದಲ್ಲಿ, ಅದೇ ಮೈದಾನದಲ್ಲಿ ಆಡುತ್ತಲೇ ರಾಕೀಸ್ 2007ರಲ್ಲಿ ವರ್ಲ್ಡ್ ಸೀರೀಸ್ ತಲುಪಿತ್ತು. 2025ರಲ್ಲಿ ಮೊದಲ 40 ಪಂದ್ಯಗಳಲ್ಲಿ 7 ಗೆದ್ದು 33 ಸೋತಾಗ ಮ್ಯಾನೇಜರ್ ಬಡ್ ಬ್ಲ್ಯಾಕ್ ಅವರನ್ನು ತೆಗೆದರು. ಹಿಂದಿನ ದಿನವಷ್ಟೇ ಸ್ಯಾನ್ ಡಿಯಾಗೊ ಎದುರು 21-0 ಸೋಲಾಗಿತ್ತು. ಎತ್ತರವನ್ನು ಕಾರಣ ಎನ್ನುವವರು, ಎದುರಾಳಿ ಪಿಚರುಗಳೂ ಅದೇ ಗಾಳಿಯಲ್ಲಿ ಎಸೆಯುತ್ತಾರೆ ಎಂಬುದನ್ನು ಮರೆಯುತ್ತಾರೆ.

ತಂಡದ ಲೆಕ್ಕಕ್ಕಿಂತ ಒಬ್ಬ ಆಟಗಾರನ ಲೆಕ್ಕದಲ್ಲಿ ಅನ್ಯಾಯ ಹೆಚ್ಚು. ಬೇಸ್‌ಬಾಲ್‌ನಲ್ಲಿ ಪ್ರತಿ ಪಂದ್ಯದ ಗೆಲುವು, ಸೋಲು ಒಬ್ಬೊಬ್ಬ ಪಿಚರ್ ಖಾತೆಗೆ ಹೋಗುತ್ತದೆ. ಎದುರಾಳಿಗೆ ಕೊನೆವರೆಗೂ ಉಳಿದ ಮುನ್ನಡೆ ಕೊಟ್ಟ ಆ ಒಂದು ರನ್ನಿಗೆ ಕಾರಣನಾದವನಿಗೆ ಸೋಲು. ತನ್ನ ತಂಡದವರು ಎಷ್ಟು ಗಳಿಸಿದರು ಎಂಬುದು ಅವನ ಕೈಯಲ್ಲಿಲ್ಲ. ಮೆಟ್ಸ್ ತಂಡದ ಆ್ಯಂಥನಿ ಯಂಗ್ 1992ರ ಮೇ ತಿಂಗಳಿಂದ 1993ರ ಜುಲೈವರೆಗೆ ಸತತ 27 ಸೋಲು ಹೊತ್ತರು. ಇಂದಿಗೂ ಅದೇ ದಾಖಲೆ. 1993ರ ಅವರ ಖಾತೆ 1 ಗೆಲುವು, 16 ಸೋಲು. ಫೀಲ್ಡರುಗಳ ತಪ್ಪಿನಿಂದ ಬಂದವನ್ನು ಬಿಟ್ಟರೆ, ಆ ವರ್ಷ ಒಂದು ಪೂರ್ಣ ಪಂದ್ಯಕ್ಕೆ, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ, ಅವರು ಬಿಟ್ಟುಕೊಟ್ಟದ್ದು ಸರಾಸರಿ 3.77 ರನ್, ಲೀಗಿನ ಸರಾಸರಿ 4ಕ್ಕಿಂತ ಮೇಲಿತ್ತು. ಅಂದರೆ ಇತಿಹಾಸದ ಅತಿ ದೀರ್ಘ ಸೋಲಿನ ಸರಣಿಯನ್ನು ಹೊತ್ತ ವರ್ಷ ಅವರು ಸರಾಸರಿಗಿಂತ ಚೆನ್ನಾಗಿಯೇ ಎಸೆದರು.

ಇದೇ ಪಾಠ 2024ರ ವೈಟ್ ಸಾಕ್ಸ್‌ನಲ್ಲೂ ಇದೆ. ಪಿಚರ್ ಗ್ಯಾರೆಟ್ ಕ್ರೋಶೆ 146 ಇನ್ನಿಂಗ್ಸ್‌ನಲ್ಲಿ 209 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾಗುವುದು) ಪಡೆದರೂ ಖಾತೆ 6-12. ತೋಳಿಗೆ ಭಾರವಾಗಬಾರದೆಂದು ಸೀಸನ್ನಿನ ಉತ್ತರಾರ್ಧದಲ್ಲಿ ಅವರನ್ನು ನಾಲ್ಕು ಇನ್ನಿಂಗ್ಸ್‌ಗಿಂತ ಹೆಚ್ಚು ಎಸೆಯಲು ಬಿಡಲಿಲ್ಲ. ಪಂದ್ಯ ಆರಂಭಿಸಿದ ಪಿಚರ್ ಐದು ಇನ್ನಿಂಗ್ಸ್ ಮುಗಿಸದೆ ಗೆಲುವು ಅವನ ಹೆಸರಿಗೆ ಬರದು, ಸೋಲು ಮಾತ್ರ ಬರಬಹುದು. ಮುಂದಿನ ವರ್ಷ ಬಾಸ್ಟನ್ ರೆಡ್ ಸಾಕ್ಸ್ ಸೇರಿದ ಅದೇ ಕ್ರೋಶೆ 18-5.

ಬ್ಯಾಟರುಗಳ ಪೈಕಿ 2018ರ ಕ್ರಿಸ್ ಡೇವಿಸ್ ಹೆಸರು ಎಲ್ಲರಿಗೂ ನೆನಪಿದೆ. 2013ರಲ್ಲಿ 53 ಹೋಮ್ ರನ್ ಹೊಡೆದವರು; 2016ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಏಳು ವರ್ಷಕ್ಕೆ 16.1 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. 2018ರಲ್ಲಿ 470 ಯತ್ನಗಳಲ್ಲಿ 79 ಹಿಟ್, ಸರಾಸರಿ .168, ಸ್ಟ್ರೈಕ್‌ಔಟ್ 192. ಸರಾಸರಿ ಪಟ್ಟಿಗೆ ಅರ್ಹರಾದವರಲ್ಲಿ ಅದೇ ಅತಿ ಕಡಿಮೆ. ‘ಅರ್ಹರಾದವರಲ್ಲಿ’ ಎಂಬ ಮಾತನ್ನು ಬಿಡಬಾರದು. ಪಂದ್ಯಕ್ಕೆ 3.1ರಂತೆ ವರ್ಷಕ್ಕೆ 502 ಬಾರಿ ಬ್ಯಾಟ್ ಹಿಡಿದು ನಿಂತವರಷ್ಟೇ ಆ ಪಟ್ಟಿಗೆ ಸೇರುತ್ತಾರೆ. ಪುಕ್ಕಟೆ ಬೇಸ್ ಸಿಕ್ಕ ಸರದಿಗಳೂ ಈ ಎಣಿಕೆಗೆ ಬರುತ್ತವೆ, ಡೇವಿಸ್‌ರ 470 ಯತ್ನಗಳಲ್ಲಿ ಅವು ಸೇರಿಲ್ಲ. 2011ರಲ್ಲಿ ವೈಟ್ ಸಾಕ್ಸ್‌ನ ಆ್ಯಡಮ್ ಡನ್ .159 ಸರಾಸರಿಯಲ್ಲಿ ನಿಂತದ್ದು 496 ಬಾರಿ. ಆರೇ ಆರು ಬಾರಿ ಕಡಿಮೆಯಾಗಿ ಅವರ ಹೆಸರು ಆ ದಾಖಲೆಯಿಂದ ಹೊರಗುಳಿಯಿತು.

ಡೇವಿಸ್ 2018ರ ಸೆಪ್ಟೆಂಬರ್‌ನಿಂದ 2019ರ ಏಪ್ರಿಲ್‌ವರೆಗೆ ಸತತ 54 ಯತ್ನಗಳಲ್ಲಿ ಒಂದೂ ಹಿಟ್ ಇಲ್ಲದೆ ಹೋದರು. ಇದು ಬರೀ ದುರದೃಷ್ಟ ಇರಬಹುದೇ? ಲೆಕ್ಕ ಹಾಕಬಹುದು. .168 ಸರಾಸರಿಯವನು ಒಂದು ಯತ್ನದಲ್ಲಿ ಸೋಲುವ ಸಂಭವ .832. ಅದನ್ನು 54 ಬಾರಿ ಗುಣಿಸಿದರೆ ಸುಮಾರು 20,000ಕ್ಕೆ ಒಂದು. ಆದರೆ ಇಂಥ ಬರ ವರ್ಷದ ಯಾವ ಹಿಟ್ ಆದ ಮೇಲೂ ಶುರುವಾಗಬಹುದು. ಅಂಥ 79 ಅವಕಾಶಗಳನ್ನು ಸೇರಿಸಿದರೆ ಸಂಭವ ಸುಮಾರು 250ಕ್ಕೆ ಒಂದಕ್ಕೆ ಬರುತ್ತದೆ. ಅಪರೂಪ, ಅಸಾಧ್ಯವಲ್ಲ. ಎಡಗೈ ಬ್ಯಾಟರ್ ಆದ ಡೇವಿಸ್ ಚೆಂಡನ್ನು ಬಲಬದಿಗೇ ಎಳೆದು ಹೊಡೆಯುತ್ತಿದ್ದರು. ಎದುರಾಳಿಗಳು ಮೂವರು ಇನ್‌ಫೀಲ್ಡರುಗಳನ್ನು ಆ ಬದಿಗೇ ನಿಲ್ಲಿಸುತ್ತಿದ್ದರು. ಎರಡೂ ಬದಿಗೆ ಇಬ್ಬಿಬ್ಬರು ಇರಲೇಬೇಕು ಎಂಬ ನಿಯಮ ಬಂದದ್ದು 2023ರಲ್ಲಿ, ಅಷ್ಟು ಹೊತ್ತಿಗೆ ಅವರು ನಿವೃತ್ತರಾಗಿದ್ದರು.

ಸೂತ್ರಗಳಿಗೆ ಸಿಗದ ವೈಫಲ್ಯವೂ ಒಂದಿದೆ. ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಸ್ಟೀವ್ ಬ್ಲಾಸ್ 1972ರಲ್ಲಿ 19 ಗೆದ್ದು 8 ಸೋತವರು. ಆ ವರ್ಷ ಸುಮಾರು 250 ಇನ್ನಿಂಗ್ಸ್‌ಗೆ ಅವರು ಕೊಟ್ಟ ವಾಕ್‌ಗಳು, ಅಂದರೆ ನಾಲ್ಕು ಚೆಂಡು ಗುರಿ ತಪ್ಪಿ ಬ್ಯಾಟರ್‌ಗೆ ಪುಕ್ಕಟೆ ಕೊಟ್ಟ ಬೇಸ್‌ಗಳು, 84. ಮರುವರ್ಷವೂ 84. ಆದರೆ ಈ ಸಲ 89 ಇನ್ನಿಂಗ್ಸ್‌ಗೂ ಕಡಿಮೆ. ತೋಳಿನಲ್ಲಿ ಗಾಯವಿಲ್ಲ, ವೇಗ ಕುಂದಿಲ್ಲ, ಅಭ್ಯಾಸದಲ್ಲಿ ಎಸೆತ ಸರಿಯಾಗಿಯೇ ಬೀಳುತ್ತಿತ್ತು. ಬ್ಯಾಟರ್ ಎದುರು ನಿಂತರೆ ಮಾತ್ರ ಗುರಿ ಕೆಡುತ್ತಿತ್ತು. ಆ ಬಳಿಕ ಇದಕ್ಕೆ ಅವರ ಹೆಸರೇ ಬಿತ್ತು.

ಎಷ್ಟು ಸಣ್ಣ ತಪ್ಪು ಸಾಕು ಎಂಬುದನ್ನು ನೋಡಬೇಕು. ಚೆಂಡು ಕೈಬಿಡುವ ಜಾಗದಿಂದ ಬ್ಯಾಟರ್ ಮುಂದಿನ ಪ್ಲೇಟ್‌ಗೆ ಸುಮಾರು 17 ಮೀಟರ್. ಪ್ಲೇಟಿನ ಅಗಲ 43 ಸೆಂ.ಮೀ. ನಡುಮಧ್ಯಕ್ಕೆ ಗುರಿಯಿಟ್ಟ ಚೆಂಡು ಕೈಬಿಡುವಾಗ ಒಂದೇ ಒಂದು ಡಿಗ್ರಿ ವಾಲಿದರೆ ಅಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಸುಮಾರು 30 ಸೆಂ.ಮೀ. ಪಕ್ಕಕ್ಕೆ ಸರಿದು ಪ್ಲೇಟಿನಿಂದಲೇ ಹೊರಗಿರುತ್ತದೆ. ಸಾವಿರಾರು ಸಲ ಎಸೆದು ಮೈಗೂಡಿದ ಚಲನೆಯ ಮಧ್ಯೆ ಮನಸ್ಸು ಬಂದು ಮಣಿಕಟ್ಟು ಎಲ್ಲಿದೆ, ಬೆರಳು ಯಾವಾಗ ಬಿಡಬೇಕು ಎಂದು ನೋಡತೊಡಗಿದರೆ ಆ ಒಂದು ಡಿಗ್ರಿ ತಪ್ಪಲು ಕ್ಷಣ ಸಾಕು. ಹೀಗಾದವನಿಗೆ ಭಂಗಿಯ ಬಗ್ಗೆ ಮತ್ತಷ್ಟು ಸಲಹೆ ಕೊಡುವುದು ಸಾಮಾನ್ಯವಾಗಿ ಆಗುವ ತಪ್ಪು. ಅವನ ಗಮನ ಇನ್ನಷ್ಟು ಒಳಕ್ಕೆ ತಿರುಗುತ್ತದೆ. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ರಿಕ್ ಆ್ಯಂಕಿಯಲ್ 2000ದ ಅಕ್ಟೋಬರ್ 3ರಂದು, ಅಟ್ಲಾಂಟಾ ಎದುರು ಪ್ಲೇಆಫ್ ಪಂದ್ಯದಲ್ಲಿ, ಒಂದೇ ಇನ್ನಿಂಗ್ಸ್‌ನಲ್ಲಿ ಐದು ಬಾರಿ, ಪ್ಲೇಟಿನ ಹಿಂದೆ ಚೆಂಡು ಹಿಡಿಯುವ ಕ್ಯಾಚರ್‌ಗೂ ಸಿಗದಂತೆ ಎಸೆದರು. ಆ ಸೀಸನ್ನಿನಲ್ಲಿ 175 ಇನ್ನಿಂಗ್ಸ್‌ಗೆ 194 ಸ್ಟ್ರೈಕ್‌ಔಟ್ ಪಡೆದ ಹುಡುಗ. ಪಿಚಿಂಗ್ ಬಿಟ್ಟು ಔಟ್‌ಫೀಲ್ಡರ್ ಆಗಿ 2007ರಲ್ಲಿ ಮರಳಿದರು, 2008ರಲ್ಲಿ 25 ಹೋಮ್ ರನ್ ಹೊಡೆದರು. ಗಡಿಯ ಬಳಿಯಿಂದ ನೇರ ಬೇಸ್‌ಗೆ ಅವರು ಎಸೆಯುತ್ತಿದ್ದ ಚೆಂಡುಗಳು ಗುರಿ ತಪ್ಪುತ್ತಿರಲಿಲ್ಲ. ಓಡಿ, ಹಿಡಿದು, ತಿರುಗಿ ಎಸೆಯುವಾಗ ಯೋಚಿಸಲು ಸಮಯ ಇರುವುದಿಲ್ಲ.

ಒಂದೇ ಎಸೆತ, ಒಂದೇ ಕ್ಯಾಚಿಗೆ ಇಡೀ ಸೋಲನ್ನು ಕಟ್ಟುವ ಅಭ್ಯಾಸಕ್ಕೆ ಬಲಿಯಾದವರಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ನ ಬಿಲ್ ಬಕ್ನರ್ ಪ್ರಮುಖರು. 1986ರ ವರ್ಲ್ಡ್ ಸೀರೀಸ್, ಆರನೇ ಪಂದ್ಯ, ಹತ್ತನೇ ಇನ್ನಿಂಗ್ಸ್. ಮೂಕಿ ವಿಲ್ಸನ್ ಹೊಡೆದ ಚೆಂಡು ಬಕ್ನರ್ ಕಾಲುಗಳ ನಡುವೆ ನುಸುಳಿತು, ಮೆಟ್ಸ್ ಗೆದ್ದಿತು. ಜನರ ನೆನಪು ಅಲ್ಲಿಗೆ ನಿಲ್ಲುತ್ತದೆ. ಬಾಸ್ಟನ್ 5-3 ಮುಂದಿತ್ತು, ಇಬ್ಬರು ಔಟಾಗಿದ್ದರು, ಬೇಸ್‌ಗಳು ಖಾಲಿ ಇದ್ದವು; ಆಗ ಸತತ ಮೂರು ಸಿಂಗಲ್ ಬಿದ್ದವು, ಬಾಬ್ ಸ್ಟ್ಯಾನ್ಲಿಯ ಎಸೆತ ಕ್ಯಾಚರ್‌ನಿಂದ ತಪ್ಪಿ ಹಿಂದೆ ಹೋಗಿ ಸ್ಕೋರ್ 5-5 ಆಯಿತು. ಚೆಂಡು ಬಕ್ನರ್ ಬಳಿ ಬರುವ ಮೊದಲೇ ಮುನ್ನಡೆ ಹೋಗಿತ್ತು. ಕಾಲುನೋವಿದ್ದ ಬಕ್ನರ್ ಬದಲು ಕೊನೆಯ ಇನ್ನಿಂಗ್ಸ್‌ಗಳಲ್ಲಿ ಡೇವ್ ಸ್ಟೇಪಲ್ಟನ್‌ರನ್ನು ಇಳಿಸುವ ರೂಢಿ ಇತ್ತು, ಆ ರಾತ್ರಿ ಇಳಿಸಲಿಲ್ಲ. ಸರಣಿಯೂ ಅಂದು ಮುಗಿಯಲಿಲ್ಲ. ಎರಡು ದಿನದ ನಂತರ ಏಳನೇ ಪಂದ್ಯದಲ್ಲಿ ಬಾಸ್ಟನ್ 3-0 ಮುಂದಿದ್ದು 8-5ರಲ್ಲಿ ಸೋತಿತು.