ಮಲೆನಾಡಿನ ಜೀಪು: ಒರಿಜಿನಲ್ ಉಳಿಸುವುದೋ, ಆಲ್ಟ್ರೇಶನ್ ಮಾಡಿಸುವುದೋ

ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರ ನಡುವೆ ಎಲ್ಲ ಊರಲ್ಲೂ ಒಂದೇ ತಕರಾರು: ಕಂಪನಿ ಕೊಟ್ಟ ಹಾಗೆಯೇ ಇಡಬೇಕೋ, ನಮಗೆ ಬೇಕಾದ ಹಾಗೆ ಬದಲಿಸಬೇಕೋ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅದೇ ತಕರಾರು ಜೀಪಿನ ಮೇಲೆ ನಡೆಯುತ್ತದೆ. ಹಿಂದೆ ಇದು ಪ್ರಶ್ನೆಯೇ ಆಗಿರಲಿಲ್ಲ. ಕೆಟ್ಟರೆ ಸಿಕ್ಕಿದ ಸಾಮಾನು ಹಾಕಿ ಓಡಿಸುವುದು, ಅಷ್ಟೆ. ಕಾನೂನು ಬಿಗಿಯಾಗಿ, ಹಳೇ ಜೀಪಿಗೆ ಗುಜರಿ ಬೆಲೆ ಹೋಗಿ ಷೋಕಿಯ ಬೆಲೆ ಬಂದ ಮೇಲೆ ಪ್ರಶ್ನೆ ಎದ್ದಿತು.

ಇಲ್ಲಿನ ಹಳೇ ಜೀಪು ಎಂದರೆ ಸಿಜೆ3ಬಿ. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ಹೊರತಂದ ಈ ಮಾದರಿಯನ್ನು ಮಹೀಂದ್ರಾ ಪರವಾನಗಿ ಪಡೆದು ದಶಕಗಟ್ಟಲೆ ಇಲ್ಲೇ ತಯಾರಿಸಿತು. ಯುದ್ಧಕಾಲದ ಜೀಪಿಗಿಂತ ಇದರ ಬಾನೆಟ್ ಎತ್ತರ. ಒಳಗಿನ ಹರಿಕೇನ್ ಇಂಜಿನ್ನಿನಲ್ಲಿ ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲೇ ಇದ್ದರೂ ಇನ್‌ಲೆಟ್ ವಾಲ್ವು ಹೆಡ್ಡಿಗೆ ಹತ್ತಿದ್ದರಿಂದ ಇಂಜಿನ್ ಎತ್ತರವಾಯಿತು, ಬಾನೆಟ್ಟೂ ಮೇಲೇರಿತು. 2.2 ಲೀಟರಿನ ಪೆಟ್ರೋಲ್ ಇಂಜಿನ್, ಮೂರು ಗೇರು, ಎಳೆತವನ್ನು ಮುಂದಿನ-ಹಿಂದಿನ ಚಕ್ರಗಳಿಗೆ ಹಂಚುವ, ಹೈ-ಲೋ ಇರುವ ಟ್ರಾನ್ಸ್‌ಫರ್ ಕೇಸು, ಆಕ್ಸಲಿನಲ್ಲಿ 5.38 ಅನುಪಾತದ ಕ್ರೌನ್ ಪಿನಿಯನ್, 80 ಇಂಚಿನ ವೀಲ್‌ಬೇಸು (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ), 6.00-16ರ ಸಣಕಲು ಟಯರು. ಅಡಿಕೆ ತೋಟದ ಇಕ್ಕಟ್ಟು ದಾರಿಗೂ ಗುಡ್ಡದ ತಿರುವಿಗೂ ಅಳತೆ ತೆಗೆದು ಹೊಲಿಸಿದಂತಿದ್ದ ಗಾಡಿ. ಗೊಬ್ಬರ, ಅಡಿಕೆ ಮೂಟೆ, ಮದುವೆ ದಿಬ್ಬಣ, ಎಲ್ಲಕ್ಕೂ ಅದೇ.

ಅದರ ಒಂದೇ ದೊಡ್ಡ ದೋಷ ಬಾಯಾರಿಕೆ. ಫೋರ್‌ವೀಲ್ ಹಾಕಿ ಲೋ ಗೇರಿನಲ್ಲಿ ಗುಡ್ಡ ಹತ್ತಿಸಿದರೆ ಪೆಟ್ರೋಲ್ ಮುಳ್ಳು ಕಣ್ಣೆದುರೇ ಇಳಿಯುತ್ತದೆ. ಡೀಸೆಲ್ ಬೆಲೆ ಸರ್ಕಾರದ ಹಿಡಿತದಲ್ಲಿ ಅಗ್ಗವಾಗಿದ್ದ ಕಾಲ ಅದು. ಹಾಗಾಗಿ ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಕೂರಿಸುವುದೇ ಮೊದಲ ದೊಡ್ಡ ಆಲ್ಟ್ರೇಶನ್ ಆಯಿತು. ಅಂಬಾಸಿಡರ್‌ನ ಡೀಸೆಲ್ ಇಂಜಿನ್, ಕಾಂಟೆಸಾದ ಇಸುಜು ಡೀಸೆಲ್, ಜಖಂ ಆದ ಬೇರೆ ಜೀಪಿನ ಪೂಜೋ ಇಂಜಿನ್, ಯಾವುದು ಸಿಕ್ಕಿತೋ ಅದು. 1980ರ ದಶಕದಲ್ಲಿ ಮಹೀಂದ್ರಾ ಕಂಪನಿಯೇ ಪೂಜೋದ 2112 ಸಿಸಿ ಡೀಸೆಲ್ ಹಾಕಿ, ವೀಲ್‌ಬೇಸನ್ನು 91 ಇಂಚಿಗೆ ಏರಿಸಿ ಎಂಎಂ540 ಕೊಟ್ಟಿತು. ಆಮೇಲೂ ಹಳೇ ಸಿಜೆಗಳಿಗೆ ಇಂಜಿನ್ ಬದಲಿಸುವ ಕೆಲಸ ನಿಲ್ಲಲಿಲ್ಲ. 2010ರಲ್ಲಿ ಪೆಟ್ರೋಲ್, 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆ ಸರ್ಕಾರದ ಕೈಬಿಟ್ಟು ಹೋದ ಮೇಲೆ ಎರಡರ ನಡುವಿನ ಅಂತರ ಕರಗಿತು, ಈ ಕೆಲಸದ ಲಾಭವೂ ಕರಗಿತು.

ಇಂಜಿನ್ ಬದಲಿಯಲ್ಲಿ ಗ್ಯಾರೇಜುಗಳು ಎಡವುವ ಜಾಗ ಒಂದೇ, ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಅಡಾಪ್ಟರ್ ಪ್ಲೇಟು. ಲೇತಿನಲ್ಲಿ ಕಡೆದ ಆ ಪ್ಲೇಟು ಇಂಜಿನ್ನಿನ ಕ್ರ್ಯಾಂಕನ್ನೂ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟನ್ನೂ ಒಂದೇ ನೇರಕ್ಕೆ ಹಿಡಿಯಬೇಕು. ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಿದಾಗ ಮುಳ್ಳು 0.2 ಮಿಲಿಮೀಟರಿಗಿಂತ ಹೆಚ್ಚು ಅಲುಗಿದರೆ ಕೆಲಸ ಸರಿಯಿಲ್ಲ ಎಂದೇ ಅರ್ಥ. ಮೊದಲು ಆ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬುಷ್ ತಿಂದುಹೋಗುತ್ತದೆ, ಆಮೇಲೆ ಇನ್‌ಪುಟ್ ಬೇರಿಂಗ್ ಕೂಗುತ್ತದೆ, ಕೊನೆಗೆ ಇಳಿಜಾರಿನಲ್ಲಿ ಗೇರು ತಾನಾಗಿ ಕಳಚಿಕೊಳ್ಳುತ್ತದೆ. ಘಾಟಿ ಇಳಿಯುವಾಗ ಗೇರು ಕಳಚುವುದೆಂದರೆ ಏನೆಂದು ಹೇಳಬೇಕಾಗಿಲ್ಲ. ಜೊತೆಗೆ ಡೀಸೆಲ್ ಇಂಜಿನ್ನಿನ ಭಾರಕ್ಕೆ ಮುಂದಿನ ಬ್ಲೇಡ್ ಸೆಟ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗು) ಕುಸಿಯುತ್ತದೆ, ಮೂರು ಗೇರಿನ ಹಳೇ ಬಾಕ್ಸಿನ ಹಲ್ಲು ಆ ಎಳೆತ ತಾಳುವುದಿಲ್ಲ. ಮೈಲೇಜಿನಲ್ಲಿ ಉಳಿಸಿದ್ದು ಗ್ಯಾರೇಜಿಗೆ ಸಂದಾಯ.

ಇಷ್ಟೆಲ್ಲ ಆಗುವಾಗ ಕಾನೂನು ಏನು ಮಾಡುತ್ತಿತ್ತು? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೊದಲಿಗೆ ಸಡಿಲವಾಗಿಯೇ ಇತ್ತು. ಆರ್‌ಟಿಓಗೆ ತಿಳಿಸಿ, ಒಪ್ಪಿಗೆ ಪಡೆದು, ಆರ್‌ಸಿಯಲ್ಲಿ ಬರೆಸಿಕೊಂಡರೆ ಇಂಜಿನ್ ಬದಲಿಗೂ ದಾರಿಯಿತ್ತು. ಆ ಕಾಲದಲ್ಲಿ ಕ್ರಮವಾಗಿ ‘ಡೀಸೆಲ್’ ಎಂದು ನಮೂದಾದ ಸಿಜೆ3ಬಿಗಳ ಕಾಗದ ಇವತ್ತಿಗೂ ಗಟ್ಟಿ. 2000ದ ತಿದ್ದುಪಡಿ ಆ ಬಾಗಿಲು ಮುಚ್ಚಿತು: ತಯಾರಕರು ಮೂಲತಃ ಕೊಟ್ಟ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕ ವಾಹನವನ್ನು ಬದಲಿಸುವಂತಿಲ್ಲ. ಸಿಎನ್‌ಜಿ, ಎಲ್‌ಪಿಜಿ ಕಿಟ್‌ನಂಥವಕ್ಕೆ ಮಾತ್ರ ರಿಯಾಯಿತಿ. ಹೀಗಿದ್ದೂ ಹತ್ತೊಂಬತ್ತು ವರ್ಷ ಯಾರೂ ಅದನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ.

2019ರ ಜನವರಿ 9ರಂದು ಸುಪ್ರೀಂ ಕೋರ್ಟು ಕೇರಳ ಹೈಕೋರ್ಟಿನ ತೀರ್ಪೊಂದನ್ನು ರದ್ದುಮಾಡಿ, ವಾಹನದ ಮೂಲ ರಚನೆ ಬದಲಿಸುವಂತಿಲ್ಲ ಎಂದು ಖಡಾಖಂಡಿತ ಹೇಳಿತು. ಬಣ್ಣ, ಸಣ್ಣಪುಟ್ಟ ಫಿಟಿಂಗು ಬೇರೆ ಮಾತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿಯೊಂದು ಆಲ್ಟ್ರೇಶನ್ನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ‘ಪ್ರತಿಯೊಂದು’ ಎನ್ನುವುದನ್ನು ಗಮನಿಸಿ. ಗಾಡಿ ಎತ್ತರಿಸಿದ್ದಕ್ಕೆ ಬೇರೆ, ಬಾಡಿ ಬದಲಿಸಿದ್ದಕ್ಕೆ ಬೇರೆ. ಮುಂದಿನ ಕಬ್ಬಿಣದ ಬುಲ್‌ಬಾರ್‌ಗೆ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ಬೇಡ ಎಂದಾಗಿತ್ತು.

ಇದರ ಬಿಸಿ ಹೆಚ್ಚು ತಟ್ಟಿದ್ದು ಹರಿಯಾಣದ ಮಂಡಿ ಡಬ್ವಾಲಿಯಂಥ ಕಡೆಯಿಂದ ಬಣ್ಣ ಬಳಿದುಕೊಂಡು ಬರುವ ‘ರೆಡಿ ಜೀಪು’ಗಳಿಗೆ. ಹೊಸ ತಗಡಿನ ಬಾಡಿ, ಹೊಸ ಚಾಸಿಸ್, ಎಲ್ಲಿಂದಲೋ ತಂದ ಇಂಜಿನ್, ಗುಜರಿಗೆ ಹೋದ ಇನ್ಯಾವುದೋ ಜೀಪಿನ ಆರ್‌ಸಿ. ಫೋಟೋದಲ್ಲಿ ಚೆಂದ. ಕೊಳ್ಳುವ ಮೊದಲು ಚಾಸಿಸ್ ನಂಬರ್ ಇರುವ ಜಾಗವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಟ್ರೇಸ್ ತೆಗೆಯಿರಿ. ಅಕ್ಷರಗಳ ಸುತ್ತ ಗ್ರೈಂಡರ್ ಗೀರು, ಒಂದೊಂದು ಅಂಕಿ ಒಂದೊಂದು ಆಳ, ಸುತ್ತಲಿನ ಲೋಹ ಸ್ವಲ್ಪ ತಗ್ಗು: ಇಷ್ಟರಲ್ಲಿ ಯಾವುದು ಕಂಡರೂ ಮಾತುಕತೆ ಅಲ್ಲಿಗೆ ಮುಗಿಸಿ. ಬೇರೆ ರಾಜ್ಯದ ಜೀಪನ್ನು ಇಲ್ಲಿನ ಕೆಎ-14ಕ್ಕೋ ಕೆಎ-15ಕ್ಕೋ ತರಲು ಎನ್‌ಓಸಿ, ತಪಾಸಣೆ, ತೆರಿಗೆ ಎಲ್ಲ ಆಗಬೇಕು. ಸಿಕ್ಕಿಬೀಳುವುದು ಆ ತಪಾಸಣೆಯಲ್ಲೇ.

ಊರಿನ ಜೀಪಿಗೆ ಕಾಗದಕ್ಕಿಂತ ದೊಡ್ಡ ಶತ್ರು ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೆಸರು ಮೆತ್ತಿಕೊಂಡೇ ನಿಲ್ಲುವ ಗಾಡಿ ಹೊರಗಿನಿಂದ ಕೊಳೆಯುವುದಿಲ್ಲ, ಒಳಗಿನಿಂದ ಕೊಳೆಯುತ್ತದೆ. ಫ್ಲೋರಿನ ಅಡಿಗೆ ಅಡ್ಡಲಾಗಿ ಬೆಸೆದ ಟೊಪ್ಪಿ ಆಕಾರದ ಚಾನೆಲ್‌ಗಳಿವೆ, ಕೆಸರು ಅದರೊಳಗೆ ಸೇರಿ ಬೇಸಿಗೆಯಲ್ಲೂ ಒಣಗುವುದಿಲ್ಲ. ಎರಡನೆಯ ಜಾಗ ಬಾಡಿಗೂ ಚಾಸಿಸ್ಸಿಗೂ ನಡುವಿನ ಪ್ಯಾಕಿಂಗು. ಮೂರನೆಯದು, ಪ್ರಾಣಕ್ಕೆ ಸಂಬಂಧಿಸಿದ್ದು, ಹಿಂದಿನ ಬ್ಲೇಡ್ ಸೆಟ್ಟಿನ ಹ್ಯಾಂಗರ್ ಕೂತಿರುವ ಚಾಸಿಸ್ ಭಾಗ. ಜೀಪನ್ನು ಜ್ಯಾಕ್ ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಸಣ್ಣ ಸುತ್ತಿಗೆಯಿಂದ ಚಾಸಿಸ್ ಉದ್ದಕ್ಕೂ ಅರ್ಧ ಅಡಿಗೊಂದರಂತೆ ತಟ್ಟುತ್ತ ಹೋಗಿ. ಗಟ್ಟಿ ಲೋಹ ‘ಟಣ್’ ಎನ್ನುತ್ತದೆ. ‘ಡಬ್’ ಎಂದಲ್ಲಿ ಚೂಪು ಸ್ಕ್ರೂಡ್ರೈವರ್ ಒತ್ತಿ ನೋಡಿ, ಒಳಗೆ ಹೋದರೆ ಆ ಭಾಗ ಕತ್ತರಿಸಿ ಹೊಸದು ಬೆಸೆಯಲೇಬೇಕು. ಮೇಲೊಂದು ತಗಡು ಹೊದಿಸಿ ವೆಲ್ಡ್ ಮಾಡುವುದು ಇಲ್ಲಿನ ವಾಡಿಕೆ. ಎರಡು ತಗಡಿನ ನಡುವೆ ನೀರು ನಿಂತು ಎರಡೇ ಮಳೆಗಾಲದಲ್ಲಿ ಮೊದಲಿಗಿಂತ ದೊಡ್ಡ ತೂತು.

ಪೂರ್ತಿ ಹೊಸ ಬಾಡಿ ಹಾಕಿಸುವುದಾದರೆ 18 ಗೇಜ್ ತಗಡು ಎಂದು ಮೊದಲೇ ಮಾತಾಡಿಕೊಳ್ಳಿ, ಅಂದರೆ ಸುಮಾರು 1.2 ಮಿಲಿಮೀಟರ್. ಅಗ್ಗದ ಬಾಡಿಗಳು 20 ಗೇಜಿನವು. ಬಾಗಿಲ ಅಂಚಿನಲ್ಲಿ ಬೆರಳಿಂದ ಒತ್ತಿದರೆ ಬಳುಕುತ್ತವೆ. ಹಳೇ ಬಾಡಿಯಲ್ಲಿ ಅರ್ಧದಷ್ಟಾದರೂ ಗಟ್ಟಿಯಿದ್ದರೆ ನಮ್ಮ ಮತ ಅದನ್ನೇ ಟಿಂಕರಿಂಗ್ ಮಾಡಿಸುವ ಕಡೆಗೆ. ಹೊಸ ಬಾಡಿಯ ಬೋಲ್ಟ್ ತೂತುಗಳು ಹಳೇ ಚಾಸಿಸ್ಸಿಗೆ ನೇರವಾಗಿ ಕೂರುವುದು ಅಪರೂಪ, ಎಳೆದು ಕೂರಿಸಿದ ಬಾಡಿ ವರ್ಷದೊಳಗೆ ವಿಂಡ್‌ಶೀಲ್ಡ್ ಬುಡದಲ್ಲಿ ಬಿರಿಯುತ್ತದೆ.

ಈಗಿನ ಹುಡುಗರ ಮೊದಲ ಆಸೆ ದಪ್ಪ ಟಯರು. 6.00-16 ಟಯರಿನ ಎತ್ತರ ಸುಮಾರು 28.5 ಇಂಚು, ಬಹಳ ಜನ ಹಾಕಿಸುವ 31 ಇಂಚಿನದು ಅದಕ್ಕಿಂತ ಶೇ. 9ರಷ್ಟು ದೊಡ್ಡದು. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 65ರಲ್ಲಿರುತ್ತದೆ, ಏರಿನಲ್ಲಿ ಒಂದು ಗೇರು ಕಡಿಮೆ ಬಿದ್ದಂತಾಗುತ್ತದೆ. ರಿಮ್ಮು ಹೊರಗೆ ಚಾಚಿದಷ್ಟೂ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಕೀಲು) ಬೇರಿಂಗಿನ ಮೇಲೆ ಒತ್ತಡ ಹೆಚ್ಚಿ, ಗುಂಡಿಗೆ ಬಿದ್ದೆದ್ದ ಕೂಡಲೇ ಸ್ಟೇರಿಂಗ್ ಗಡಗಡ ನಡುಗುವ ಕಾಯಿಲೆ ಶುರು. ಸ್ಟೇರಿಂಗ್ ಡ್ಯಾಂಪರ್ ಹಾಕಿ ಅದನ್ನು ಮುಚ್ಚಿಡಬಹುದು, ವಾಸಿ ಆಗದು. ತಮಾಷೆಯೆಂದರೆ ನಮ್ಮ ಕೆಸರಿಗೆ ಸಣಕಲು ಟಯರೇ ವಾಸಿ. ಮೇಲೆ ನಾಲ್ಕು ಬೆರಳು ರಾಡಿ, ಕೆಳಗೆ ಜಂಬಿಟ್ಟಿಗೆ ನೆಲ. ಸಣ್ಣ ಟಯರು ರಾಡಿ ಸೀಳಿ ಗಟ್ಟಿ ನೆಲ ಹಿಡಿಯುತ್ತದೆ, ದಪ್ಪದ್ದು ಮೇಲೆಯೇ ಜಾರುತ್ತದೆ. ಮಳೆಗಾಲದಲ್ಲಿ ತೋಟದ ಜೀಪಿಗೆ ಕಟ್ಟುವ ಕಬ್ಬಿಣದ ಚೈನಿಗೂ ದಪ್ಪ ಟಯರಿನ ಪಕ್ಕ ಜಾಗ ಸಾಲದೆ ಬ್ಲೇಡ್ ಸೆಟ್ಟಿಗೆ ಉಜ್ಜುತ್ತದೆ.

ಎತ್ತರಿಸುವುದು ಇನ್ನೂ ಕೆಟ್ಟದ್ದು. ಹಳೇ ಜೀಪಿನಲ್ಲಿ ಬ್ಲೇಡ್ ಸೆಟ್ ಆಕ್ಸಲಿನ ಕೆಳಗಿರುತ್ತದೆ. ಅದನ್ನು ಮೇಲಕ್ಕೆ ಕೂರಿಸಿದರೆ ಗಾಡಿ ಒಮ್ಮೆಲೇ ಐದು ಇಂಚಿನಷ್ಟು ಏಳುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚಿ ಜಾಯಿಂಟ್ ಕ್ರಾಸ್ ಬೇಗ ಸವೆಯುತ್ತದೆ, ಬ್ರೇಕ್ ಹೋಸ್ ಎಳೆದು ನಿಲ್ಲುತ್ತದೆ, ಪ್ರತಿ ಗುಂಡಿಗೂ ಸ್ಟೇರಿಂಗ್ ತಾನೇ ಒಂದು ಕಡೆ ತಿರುಗುತ್ತದೆ. ಎಡ-ಬಲ ಚಕ್ರಗಳ ನಡುವೆ ಬರೀ ನಾಲ್ಕು ಅಡಿ ಇರುವ ಗಾಡಿ ಇದು. ಕೊಡಚಾದ್ರಿ ದಾರಿಯ ಓರೆಯಲ್ಲಿ ಆ ಐದು ಇಂಚು ಎತ್ತ ವಾಲಿಸುತ್ತದೆಂದು ಯೋಚಿಸಿದರೆ ಸಾಕು.

ಹಾಗಾದರೆ ಏನನ್ನೂ ಮುಟ್ಟಬಾರದೇ? ಬ್ರೇಕನ್ನು ಮುಟ್ಟಲೇಬೇಕು, ಈ ವಿಷಯದಲ್ಲಿ ಒರಿಜಿನಲ್ ಎಂಬ ಹಟ ಬೇಡ. ಸಿಜೆ3ಬಿಯದು 9 ಇಂಚಿನ ಡ್ರಮ್ಮು, ಪೆಡಲ್ ಒತ್ತಲು ನೆರವಾಗುವ ಬೂಸ್ಟರ್ ಇಲ್ಲ, ಬ್ರೇಕ್ ಆಯಿಲ್ ಹರಿಯುವ ಸರ್ಕ್ಯೂಟು ಒಂದೇ. ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೆ ಹೋಗುತ್ತದೆ. ಮಾಸ್ಟರ್ ಸಿಲಿಂಡರ್ ಇರುವುದು ಫ್ಲೋರಿನ ಕೆಳಗೆ, ಹಳ್ಳ ದಾಟುವಾಗ ಕೆಸರು ನೀರು ಮುಟ್ಟುವ ಎತ್ತರದಲ್ಲಿ. ಬೊಲೆರೋದಂಥ ಅದೇ ಕಂಪನಿಯ ಗಾಡಿಯ, ಎರಡು ಸರ್ಕ್ಯೂಟಿನ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್, ಬೂಸ್ಟರ್ ಬಳಸುವವರಿದ್ದಾರೆ. ಮರೆಯುವುದು ಒಂದನ್ನು: ಡೀಸೆಲ್ ಇಂಜಿನ್ನಿನಲ್ಲಿ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ ತಾನಾಗಿ ಹುಟ್ಟುವುದಿಲ್ಲ. ಆಲ್ಟರ್ನೇಟರ್ ಹಿಂದೆ ವ್ಯಾಕ್ಯೂಮ್ ಪಂಪು ಇಲ್ಲದಿದ್ದರೆ ಬೂಸ್ಟರ್ ಬರೀ ಅಲಂಕಾರ, ಪೆಡಲ್ ಮೊದಲಿಗಿಂತ ಗಟ್ಟಿಯಾಗುತ್ತದೆ. ಕೆಲಸ ಯಾವುದಿದ್ದರೂ ನುರಿತ ಬ್ರೇಕ್ ಮೆಕ್ಯಾನಿಕ್ ಕೈಯಲ್ಲೇ ಆಗಲಿ, ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ಬ್ರೇಕ್ ಆಯಿಲ್ ತೇವ ಹೀರುತ್ತದೆ, ನಮ್ಮ ಹವೆಯಲ್ಲಿ ಪ್ರತಿ ಮಳೆಗಾಲದ ನಂತರ ಬದಲಿಸುವುದು ಒಳ್ಳೆಯದು. ಹಳ್ಳ ದಾಟುವವರು ಆಕ್ಸಲ್ ಒಳಗಿನ ಗಾಳಿ ಆಡುವ ಬ್ರೀದರ್ ತೂತನ್ನೂ ನೋಡಲಿ. ಅದು ಕಟ್ಟಿಕೊಂಡಿದ್ದರೆ ಬಿಸಿ ಹೌಸಿಂಗು ತಣ್ಣೀರಿಗೆ ಬಿದ್ದಾಗ ಸೀಲಿನ ಮೂಲಕ ನೀರೆಳೆದುಕೊಂಡು ಒಳಗಿನ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ.

ಪೆಟ್ರೋಲ್ ಇಂಜಿನ್ ಉಳಿಸಿಕೊಂಡವರಿಗೆ ಈಗ ಇನ್ನೊಂದು ಬಲವಂತದ ಬದಲಾವಣೆ ಬಂದಿದೆ: ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ಅದಕ್ಕೆ ಉಬ್ಬುತ್ತವೆ, ಬಿರಿಯುತ್ತವೆ. ಎಥನಾಲ್ ತಾಳುವ ಹೋಸು, ಡಯಾಫ್ರಾಮ್ ಹಾಕಿಸಿ. ಜೀಪು ಮಳೆಗಾಲದಲ್ಲಿ ಕೊಟ್ಟಿಗೆ ಪಕ್ಕ ನಿಂತೇ ಇರುವುದಾದರೆ ಟ್ಯಾಂಕ್ ಅರ್ಧ ಬಿಡಬೇಡಿ. ಖಾಲಿ ಜಾಗದ ತೇವವನ್ನು ಎಥನಾಲ್ ಹೀರಿ ನೀರಿನ ಜೊತೆ ತಳಕ್ಕಿಳಿಯುತ್ತದೆ, ತುಕ್ಕು ಅಲ್ಲಿಂದ ಶುರು. ಉಳಿದಂತೆ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪು 0.020 ಇಂಚು, ಪ್ಲಗ್ಗಿಗೆ 0.030, ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ತೇವ ಇಲ್ಲದಂತೆ ಬಟ್ಟೆಯಿಂದ ಒರೆಸಿಡುವುದು, ಇಷ್ಟು ಸಾಕು. ಆಗುಂಬೆ ಮಳೆಯಲ್ಲೂ ಆ ಇಂಜಿನ್ ಸ್ಟಾರ್ಟ್ ಆಗುತ್ತದೆ.

ಒರಿಜಿನಲ್ಲಿಗೆ ಬೆಲೆ ತಂದದ್ದು 2021ರ ಜುಲೈನ ವಿಂಟೇಜ್ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಚಾಸಿಸ್, ಬಾಡಿ, ಇಂಜಿನ್ ಮೂಲರೂಪದಲ್ಲೇ ಇದ್ದರೆ ‘ವಿಎ’ ಅಕ್ಷರದ ವಿಶೇಷ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಆ ನಂಬರಿನ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೇ ರಸ್ತೆಗಿಳಿಸಬಹುದು. ತೋಟಕ್ಕೆ ಗೊಬ್ಬರ ಹೊರುವ ಜೀಪಿಗೆ ಅದು ಹೊಂದುವುದಿಲ್ಲ. ಅಂಥದಕ್ಕೆ ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್ಲೇ ಗತಿ. ಅದರ ಶುಲ್ಕ 2022ರ ಏಪ್ರಿಲಿನಿಂದ 5,000 ಆಗಿತ್ತು, 20 ವರ್ಷ ದಾಟಿದ ಗಾಡಿಗೆ 2025ರಲ್ಲಿ 10,000 ಆಯಿತು.

ನಮ್ಮ ಲೆಕ್ಕ ಹೀಗೆ: ಹುಟ್ಟಿದ ಇಂಜಿನ್, ಚಾಸಿಸ್ ಎರಡೂ ಇರುವ ಪೆಟ್ರೋಲ್ ಸಿಜೆ3ಬಿ ಕೈಯಲ್ಲಿದ್ದರೆ ಗ್ಯಾಸ್ ಕಟರ್ ಅದರ ಹತ್ತಿರ ಸುಳಿಯಬಾರದು. ಎಂಎಂ540, ಮಹೀಂದ್ರಾದ್ದೇ ಆದ ಕಮಾಂಡರ್ ದುಡಿಯುವ ಗಾಡಿಗಳು. ಅವಕ್ಕೆ ಸೀಟು, ಬ್ರೇಕು, ಲೈಟು ಸುಧಾರಿಸಿಕೊಳ್ಳಿ, ರಚನೆ ಮುಟ್ಟಬೇಡಿ. ಏನೇ ಮಾಡಿದರೂ ಬೋಲ್ಟ್ ಬಿಚ್ಚಿ ಹಿಂದಿನ ಸ್ಥಿತಿಗೆ ತರುವಂತಿರಲಿ. ಬಿಚ್ಚಿದ ಸಾಮಾನು ಗುಜರಿಗೆ ಕೊಡಬೇಡಿ. ಕಾರ್ಬೊರೇಟರ್, ಡೈನಮೋ, ರಿಮ್ಮುಗಳಿಗೆ ಗ್ರೀಸ್ ಸವರಿ, ಎಣ್ಣೆಕಾಗದದಲ್ಲಿ ಸುತ್ತಿ, ಯಾವ ಗಾಡಿಯದೆಂದು ಚೀಟಿ ಕಟ್ಟಿ ಅಟ್ಟದ ಮೇಲಿಡಿ. ನೆಲದ ಮೇಲೆ ಬೇಡ, ಗೋಣಿಚೀಲದಲ್ಲಂತೂ ಬೇಡವೇ ಬೇಡ; ಒಂದೇ ಮಳೆಗಾಲಕ್ಕೆ ಗೋಣಿ ನೀರು ಕುಡಿದು ಡೈನಮೋ ಬೇರಿಂಗು ಹಿಡಿದುಬಿಡುತ್ತದೆ.