ಮಾಂಟೆ ಕಾರ್ಲೊ ರ‍್ಯಾಲಿ: ದೂರಕ್ಕೆ ಬೆಲೆಯಿದ್ದ ಕಾಲ

ಮಾಂಟೆ ಕಾರ್ಲೊ ರ‍್ಯಾಲಿ ಎಂಬ ಕಾರು ಸ್ಪರ್ಧೆಯಲ್ಲಿ ಗೆದ್ದವರ ಹಳೆಯ ಪಟ್ಟಿಯನ್ನು ತೆರೆದರೆ ಮೊದಲು ಗಮನ ಸೆಳೆಯುವುದು ಅವರು ಹೊರಟ ಊರುಗಳು. ಒಬ್ಬ ಪ್ಯಾರಿಸ್‌ನಿಂದ ಹೊರಟಿದ್ದರೆ ಇನ್ನೊಬ್ಬ ಟ್ಯೂನಿಸ್‌ನಿಂದ, ಮತ್ತೊಬ್ಬ ಸ್ಕಾಟ್ಲೆಂಡಿನ ತುತ್ತತುದಿಯಿಂದ. ಬೇರೆ ಬೇರೆ ದಾರಿಯಲ್ಲಿ ಬೇರೆ ಬೇರೆ ದೂರ ಓಡಿಸಿದವರ ನಡುವೆ ಗೆದ್ದವರನ್ನು ಆರಿಸುತ್ತಿದ್ದುದು ಹೇಗೆ? ಆ ಲೆಕ್ಕಾಚಾರದ ತಕರಾರುಗಳನ್ನು ಬಿಟ್ಟು ಈ ರ‍್ಯಾಲಿಯ ಆರಂಭದ ಚರಿತ್ರೆಯನ್ನು ಹೇಳಲು ಬರುವುದಿಲ್ಲ.

ಇದರ ಹುಟ್ಟಿಗೆ ಕಾರಣ ಪ್ರವಾಸೋದ್ಯಮ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಫ್ರಾನ್ಸಿನ ಕಡಲತೀರಕ್ಕೆ ಶ್ರೀಮಂತರು ಬರುತ್ತಿದ್ದುದು ಚಳಿಗಾಲದಲ್ಲಿ. ಪಕ್ಕದ ನೀಸ್ ನಗರದ ಪೈಪೋಟಿಯ ನಡುವೆ ಅವರನ್ನು ತನ್ನತ್ತ ಸೆಳೆಯಲು ಮಾಂಟೆ ಕಾರ್ಲೊ ಇರುವ ಪುಟ್ಟ ದೇಶ ಮೊನಾಕೊಗೆ ಏನಾದರೂ ಹೊಸತು ಬೇಕಿತ್ತು. ರಾಜಕುಮಾರ ಒಂದನೆಯ ಆಲ್ಬರ್ಟ್‌ನ ಬೆಂಬಲದೊಂದಿಗೆ ಅಲ್ಲಿನ ಸೈಕಲ್ ಮತ್ತು ಮೋಟಾರು ಕ್ಲಬ್ಬು 1911ರ ಜನವರಿಯಲ್ಲಿ ಮೊದಲ ರ‍್ಯಾಲಿ ನಡೆಸಿತು. ಯುರೋಪಿನ ಯಾವ ನಗರದಿಂದ ಹೊರಟರೂ ಸರಿ, ನಿಗದಿತ ಅವಧಿಯಲ್ಲಿ ಮಾಂಟೆ ಕಾರ್ಲೊ ತಲುಪಬೇಕು. ಅತಿಥಿಗಳ ಊರುಗಳೇ ಸ್ಪರ್ಧೆಯ ಆರಂಭದ ಗೆರೆಗಳಾದವು.

ಮೊದಲ ವರ್ಷ 23 ಕಾರುಗಳು ಭಾಗವಹಿಸಿದವು. ಪ್ಯಾರಿಸ್‌ನಿಂದ 1,020 ಕಿಲೋಮೀಟರ್ ಓಡಿಸಿಕೊಂಡು ಬಂದ ವಿಮಾನ ಚಾಲಕ ಆನ್ರಿ ರೂಜಿಯೆ ತನ್ನ ಟುರ್ಕಾ-ಮೆರಿ ಕಾರಿನಲ್ಲಿ ಗೆದ್ದ. ಬರ್ಲಿನ್‌ನಿಂದ ಸುಮಾರು 1,700 ಕಿಲೋಮೀಟರ್ ಹಿಮದಲ್ಲಿ ಸಾಗಿ ಎಲ್ಲರಿಗಿಂತ ಮೊದಲು ಮುಟ್ಟಿದ ಜರ್ಮನ್ ಸೇನಾಧಿಕಾರಿ ಫಾನ್ ಎಸ್ಮಾರ್ಖ್‌ಗೆ ಪ್ರಶಸ್ತಿ ದಕ್ಕಲಿಲ್ಲ. ವೇಗ, ದೂರಗಳ ಜೊತೆಗೆ ಪ್ರಯಾಣಿಕರ ಸಂಖ್ಯೆ, ಕಾರಿನ ಅಂದಚೆಂದ, ಒಳಗಿನ ಆರಾಮ, ಬಂದು ಸೇರಿದಾಗ ಅದು ಎಷ್ಟು ಸುಸ್ಥಿತಿಯಲ್ಲಿದೆ ಎಂಬುದಕ್ಕೂ ಅಂಕಗಳಿದ್ದವು. ಸಾವಿರಾರು ಕಿಲೋಮೀಟರ್ ಕೆಸರು, ಹಿಮ ದಾಟಿ ಬಂದ ಕಾರಿನ ಹೊಳಪನ್ನು ಅಳೆಯುವ ತೀರ್ಪು ಎಸ್ಮಾರ್ಖ್‌ಗೆ ಒಪ್ಪಿಗೆಯಾಗಲಿಲ್ಲ. ಆತ ಪ್ರತಿಭಟಿಸಿದ, ಫಲಿತಾಂಶ ಬದಲಾಗಲಿಲ್ಲ. ನಿಯಮ ಎಲ್ಲರಿಗೂ ಒಂದೇ ಆಗಿತ್ತು ನಿಜ. ಆದರೆ ದಾರಿ ಒಂದೇ ಆಗಿರಲಿಲ್ಲ.

ಮರುವರ್ಷ ಗೆದ್ದವನು ಬರ್ಲಿನ್‌ನಿಂದ ಹೊರಟ ಬಾಯ್ಟ್ಲರ್. ಆದರೂ 1912ರ ಕಥೆಯೆಂದರೆ ಆಂದ್ರೇ ನಾಗೆಲ್‌ನದೇ. ರಷ್ಯಾದಲ್ಲೇ ತಯಾರಾದ ರುಸ್ಸೊ-ಬಾಲ್ಟ್ ಕಾರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಹೊರಟ ಆತ 3,000 ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿ ಬಂದ. ರೇಡಿಯೇಟರಿನ ನೀರು ಹೆಪ್ಪುಗಟ್ಟದಂತೆ ಅದಕ್ಕೆ ಆಲ್ಕೊಹಾಲ್ ಬೆರೆಸಿ, ಟೈರುಗಳಿಗೆ ಸರಪಳಿ ಬಿಗಿದು, ಕಾರ್ಬೈಡ್ ದೀಪದ ಮಂದ ಬೆಳಕಿನಲ್ಲಿ ರಸ್ತೆ ಹುಡುಕಿಕೊಂಡು ಹೋಗಬೇಕಿದ್ದ ಕಾಲವದು. ಅವನಿಗೆ ಪ್ರಯಾಣದ ದೂರಕ್ಕಾಗಿ ಮೊದಲ ಬಹುಮಾನ ಸಿಕ್ಕಿತು. ಒಟ್ಟಾರೆ ಪಟ್ಟಿಯಲ್ಲಿ ಮಾತ್ರ ಒಂಬತ್ತನೆಯ ಸ್ಥಾನ.

ಆಮೇಲೆ ಹನ್ನೆರಡು ವರ್ಷ ರ‍್ಯಾಲಿಯೇ ಇಲ್ಲ. ನಡುವೆ ಮಹಾಯುದ್ಧ ಬಂದು ಹೋಯಿತು.

1924ರಲ್ಲಿ ಮತ್ತೆ ಶುರುವಾದಾಗ ದೂರದ ತೂಕ ಹೆಚ್ಚಿತು. ಎಷ್ಟು ದೂರದಿಂದ ಹೊರಟರೆ ಅಷ್ಟು ಹೆಚ್ಚು ಅಂಕ. ಸ್ಪರ್ಧಿಗಳು ಭೂಪಟ ಹರಡಿಕೊಂಡು ಯುರೋಪಿನ ಅಂಚುಗಳನ್ನು ಹುಡುಕತೊಡಗಿದರು. 1925ರಲ್ಲಿ ಫ್ರಾನ್ಸ್ವಾ ರೆಪುಸೊ ಟ್ಯೂನಿಸ್‌ನಿಂದ ಬಂದು ಗೆದ್ದ. 1926ರಲ್ಲಿ ವಿಕ್ಟರ್ ಬ್ರೂಸ್ ಸ್ಕಾಟ್ಲೆಂಡಿನ ಜಾನ್ ಓ'ಗ್ರೋಟ್ಸ್‌ನಿಂದ ಹೊರಟು ಎಸಿ ಎಂಬ ಬ್ರಿಟಿಷ್ ಕಂಪನಿಯ ಕಾರಿನಲ್ಲಿ ಗೆದ್ದು, ಈ ರ‍್ಯಾಲಿ ಗೆದ್ದ ಮೊದಲ ಬ್ರಿಟಿಷನಾದ. ಮರುವರ್ಷ ಅವನ ಹೆಂಡತಿ ಮಿಲ್ಡ್ರೆಡ್ ಬ್ರೂಸ್ ಅದೇ ಊರಿನಿಂದ ಹೊರಟು ಮಹಿಳೆಯರ ಕಪ್ ಗೆದ್ದಳು. 1932ರ ಗೆಲುವು ಸ್ವೀಡನ್ನಿನ ಉಮಿಯೊದಿಂದ, 1933ರದು ಟಾಲಿನ್‌ನಿಂದ, 1934ರದು ಅಥೆನ್ಸ್‌ನಿಂದ. ಅಥೆನ್ಸ್ ದಾರಿ ಎಲ್ಲಕ್ಕಿಂತ ದುರ್ಗಮ. ಬಾಲ್ಕನ್ ನಾಡಿನ ಕೆಸರಿನಲ್ಲಿ ಸಿಕ್ಕಿಬಿದ್ದ ಕಾರುಗಳನ್ನು ಎತ್ತುಗಳಿಂದ ಎಳೆಸಬೇಕಾಗುತ್ತಿತ್ತು.

ಈ ಅವಧಿಯ ಗಟ್ಟಿತನಕ್ಕೆ 1931ರ ಡೊನಾಲ್ಡ್ ಹೀಲಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ನಾರ್ವೆಯ ಸ್ಟಾವಂಗರ್‌ನಿಂದ ಹೊರಟ ಅವನ ಇನ್ವಿಕ್ಟಾ ಕಾರು ಜಾರಿ ಟೆಲಿಗ್ರಾಫ್ ಕಂಬಕ್ಕೆ ಬಡಿಯಿತು. ಹಿಂದಿನ ಆಕ್ಸಲ್ ಜಾಗ ತಪ್ಪಿ ಒಂದು ಗಾಲಿಯ ಬ್ರೇಕೇ ಕೆಲಸಕ್ಕೆ ಬಾರದಂತಾಯಿತು. ಆತ ಅದನ್ನೇ ಓಡಿಸಿಕೊಂಡು ಮಾಂಟೆ ಕಾರ್ಲೊ ತಲುಪಿದ, ಗೆದ್ದ.

ಅಷ್ಟರಲ್ಲಿ ಇನ್ನೊಂದು ಸಮಸ್ಯೆ ತಲೆಯೆತ್ತಿತ್ತು. ರಸ್ತೆಗಳು, ಕಾರುಗಳು ಸುಧಾರಿಸಿ ಪೂರ್ತಿ ಅಂಕದೊಂದಿಗೆ ತಲುಪುವವರು ಹೆಚ್ಚಿದರು. ಅವರಲ್ಲಿ ಒಬ್ಬರನ್ನು ಆರಿಸಬೇಕಲ್ಲ? ಅದಕ್ಕೆ ಕೊನೆಯಲ್ಲಿ ಮೊನಾಕೊ ಬಂದರಿನ ಬಳಿ ಕಾರನ್ನು ಸರ್ರನೆ ಓಡಿಸಿ, ತಿರುಗಿಸಿ, ನಿಲ್ಲಿಸುವ ಕಿರು ಪರೀಕ್ಷೆ. 1936ರಲ್ಲಿ ಅಥೆನ್ಸ್‌ನಿಂದ ಬಂದ ರುಮೇನಿಯದ ಜಾಮ್ಫಿರೆಸ್ಕು ಮತ್ತು ಕ್ರಿಸ್ಟೆಯಾ ಆ ಪರೀಕ್ಷೆಗೆಂದೇ ತಾಲೀಮು ಮಾಡಿ, ತಮ್ಮ ಫೋರ್ಡ್ ಕಾರನ್ನೂ ಅದಕ್ಕೆ ತಕ್ಕಂತೆ ಸಜ್ಜುಗೊಳಿಸಿ ಗೆದ್ದರು. ಅಂಥ ದಾರಿಯನ್ನು ದಾಟಿ ಬಂದವರ ಗೆಲುವು ಬಂದರಿನ ಬಳಿಯ ಕೆಲವೇ ಕ್ಷಣಗಳನ್ನು ಅವಲಂಬಿಸಿದ್ದು ಈಗಲೂ ಸಂಕಟದ ಸಂಗತಿ. 1939ರಲ್ಲಿ ಈ ಪರೀಕ್ಷೆಗಳೂ ಸಾಲದೆ ಎರಡು ಜೋಡಿಗಳನ್ನು ಜಂಟಿ ವಿಜೇತರೆಂದು ಘೋಷಿಸಬೇಕಾಯಿತು.

ರ‍್ಯಾಲಿ ಎರಡನೆಯ ಮಹಾಯುದ್ಧದ ನಂತರ 1949ರಲ್ಲಿ ಮರಳಿತು. ಮುಂದೆ ತೀರ್ಪಿನ ಭಾರವೆಲ್ಲ ಆಲ್ಪ್ಸ್ ಬೆಟ್ಟಗಳಲ್ಲಿ ಬೇರೆ ವಾಹನಗಳಿಗೆ ಮುಚ್ಚಿದ ರಸ್ತೆಗಳ ವೇಗದ ಹಂತಗಳಿಗೆ ಸರಿಯಿತು. 1973ರಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಆರಂಭವಾದಾಗ ಅದರ ಮೊದಲ ಸುತ್ತು ನಡೆದದ್ದು ಇಲ್ಲೇ. ಹಲವು ಊರುಗಳಿಂದ ಹೊರಟು ಒಂದೆಡೆ ಸೇರುವ ಪದ್ಧತಿ ಶತಮಾನದ ಕೊನೆಯ ಹೊತ್ತಿಗೆ ಮುಖ್ಯ ಸ್ಪರ್ಧೆಯಿಂದ ಮರೆಯಾಯಿತು. ಹಳೆಯ ಕಾರುಗಳಿಗಾಗಿ ಮೊನಾಕೊ ಕ್ಲಬ್ಬು ಬೇರೆಯಾಗಿ ನಡೆಸುವ ರ‍್ಯಾಲಿಯಲ್ಲಿ ಮಾತ್ರ ಅದು ಇನ್ನೂ ಉಳಿದಿದೆ.