ರೀಫೀಡಿಂಗ್ ಸಿಂಡ್ರೋಮ್: ಬಹಳ ದಿನ ಉಣ್ಣದವರ ಮೊದಲ ವಾರ

ಅನೊರೆಕ್ಸಿಯಾದಿಂದ, ಅಂದರೆ ದಪ್ಪಗಾಗುವ ಭಯಕ್ಕೆ ಊಟ ಬಿಡಿಸುವ ಮನಸ್ಸಿನ ಕಾಯಿಲೆಯಿಂದ, ತಿಂಗಳುಗಟ್ಟಲೆ ಊಟ ಬಿಟ್ಟ ಮಗಳು ಒಂದು ದಿನ ತಾನಾಗಿ ತಟ್ಟೆ ಮುಂದೆ ಕೂತರೆ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಬಾಗಲಕೋಟೆ, ವಿಜಯಪುರದ ಕಡೆ ಅಕ್ಕರೆ ಹರಿಯುವುದೇ ಬಡಿಸುವ ಕೈಯಿಂದ. ‘ಇನ್ನೊಂದ್ ಉಣ್ಣವ್ವ’ ಎನ್ನುತ್ತ ಹೋಳಿಗೆ, ತುಪ್ಪ, ಅಮೀನಗಡದ ಕರದಂಟು ಎಲ್ಲ ಒಂದೇ ದಿನ ಮುಂದೆ ಬರುತ್ತವೆ. ವೈದ್ಯರು ಹೆದರುವುದು ಈ ಮೊದಲ ವಾರಕ್ಕೇ. ಬಹುಕಾಲ ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ಬಿದ್ದಾಗ ರಕ್ತದಲ್ಲಿನ ಲವಣಗಳು ಕುಸಿಯುತ್ತವೆ. ಇದೇ ರೀಫೀಡಿಂಗ್ ಸಿಂಡ್ರೋಮ್. ಎರಡನೇ ಮಹಾಯುದ್ಧ ಮುಗಿದಾಗ ಸೆರೆಶಿಬಿರಗಳಿಂದ ಬಿಡುಗಡೆಯಾದವರಲ್ಲಿ ಕೆಲವರು ಊಟ ಸಿಕ್ಕ ಮೇಲೆ ಸತ್ತರು. ವೈದ್ಯರ ಗಮನ ಇದರ ಮೇಲೆ ಬಿದ್ದದ್ದು ಆಗ.

ಒಳಗೆ ನಡೆಯುವುದು ಇಷ್ಟು. ಹಸಿವಿನ ಕಾಲದಲ್ಲಿ ದೇಹ ಕೊಬ್ಬು, ಸ್ನಾಯು ಕರಗಿಸಿ ಬದುಕುತ್ತದೆ. ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಾಸ್ತಾನು ಬರಿದಾಗಿದ್ದರೂ ರಕ್ತಪರೀಕ್ಷೆಯಲ್ಲಿ ಸರಿಯಾಗಿಯೇ ಕಾಣಬಹುದು. ಪಿಷ್ಟ, ಸಕ್ಕರೆ ಹೊಟ್ಟೆಗೆ ಹೋದೊಡನೆ ಇನ್ಸುಲಿನ್ ಏರುತ್ತದೆ. ಸಕ್ಕರೆಯ ಜೊತೆ ಈ ಲವಣಗಳನ್ನೂ ಜೀವಕೋಶಗಳು ಎಳೆದುಕೊಳ್ಳುತ್ತವೆ. ರಕ್ತದಲ್ಲಿ ಫಾಸ್ಫರಸ್ ತಳ ಕಂಡರೆ ಹೃದಯಕ್ಕೂ ಉಸಿರಾಟದ ಸ್ನಾಯುವಿಗೂ ಶಕ್ತಿ ಸಾಲದು. ಸಕ್ಕರೆ ಉರಿಯಲು ಥಯಾಮಿನ್, ಅಂದರೆ ಬಿ1 ಜೀವಸತ್ವ ಬೇಕು. ಅದೂ ಮುಗಿದಿದ್ದರೆ ಮಿದುಳಿಗೆ ಪೆಟ್ಟು.

ನಮ್ಮ ಕಡೆ ಸುಸ್ತಾದವರಿಗೆ ‘ಗ್ಲುಕೋಸ್ ಹಚ್ಚಿಸಿ’ ಎಂದು ಕೇಳುವ ರೂಢಿಯಿದೆ. ಇಂಥವರಿಗೆ ಥಯಾಮಿನ್ ಕೊಡದೆ ಗ್ಲುಕೋಸ್ ಬಾಟಲಿ ಏರಿಸುವುದು ಅಪಾಯ. ಎಷ್ಟು ದಿನದಿಂದ ಊಟವಿಲ್ಲ, ವಾಂತಿ ಮಾಡಿಕೊಳ್ಳುತ್ತಿದ್ದರೇ, ಭೇದಿ ಮಾಡಿಸುವ ಮಾತ್ರೆ ನುಂಗುತ್ತಿದ್ದರೇ ಎಂಬುದನ್ನು ಸಂಕೋಚ ಬಿಟ್ಟು ವೈದ್ಯರಿಗೆ ಮೊದಲೇ ಹೇಳಬೇಕು. 10 ದಿನಕ್ಕಿಂತ ಹೆಚ್ಚು ಕಾಲ ಹೆಚ್ಚುಕಡಿಮೆ ಏನೂ ತಿನ್ನದಿದ್ದರೆ, ಅಥವಾ 3ರಿಂದ 6 ತಿಂಗಳಲ್ಲಿ ತೂಕ ಶೇ. 15ಕ್ಕಿಂತ ಹೆಚ್ಚು ಇಳಿದಿದ್ದರೆ ಅಪಾಯ ಹೆಚ್ಚು. ಮೊದಲು ದಪ್ಪಗಿದ್ದು ಬೇಗ ಇಳಿದವರಿಗೂ ಇದು ಬರುತ್ತದೆ, ನೋಡಲು ಬಡಕಲಾಗಿರಬೇಕೆಂದೇನಿಲ್ಲ. ಶ್ರಾವಣ ಸೋಮವಾರದ ಒಂದೊತ್ತಿನಿಂದ ಯಾರಿಗೂ ಹೀಗಾಗದು.

ಲ್ಯಾಬಿನಲ್ಲಿ ‘ಎಲೆಕ್ಟ್ರೋಲೈಟ್ಸ್’ ಎಂದರೆ ಸಾಮಾನ್ಯವಾಗಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಅಷ್ಟೇ. ಫಾಸ್ಫರಸ್, ಮೆಗ್ನೀಸಿಯಂ ಬೇರೆಯಾಗಿ ಬರೆಸಬೇಕು. ಇದನ್ನು ಮರೆತರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಜೊತೆಗೆ ಇಸಿಜಿ ಬೇಕು. ಅಪಾಯ ಹೆಚ್ಚಿದ್ದರೆ ಆಸ್ಪತ್ರೆಗೆ ಸೇರಿಸಿಕೊಂಡು, ಥಯಾಮಿನ್ ಕೊಟ್ಟು, ಆರಂಭದಲ್ಲಿ ದಿನವೂ ರಕ್ತ ನೋಡುತ್ತ ಊಟ ಏರಿಸುತ್ತಾರೆ. ಹೆದರಿ ಊಟ ಕೊಡದಿರುವುದೂ ತಪ್ಪೇ: ಹಸಿವೆಯೂ ಕೊಲ್ಲುತ್ತದೆ. ಎಷ್ಟರಿಂದ ಶುರು ಮಾಡಬೇಕು, ಯಾವಾಗ ಏರಿಸಬೇಕು ಎಂಬುದನ್ನು ವೈದ್ಯರು, ಆಹಾರತಜ್ಞರು ನಿರ್ಧರಿಸಲಿ. ಹಾಲು, ಮೊಸರಿನಲ್ಲಿ ಫಾಸ್ಫರಸ್ ಇರುವುದರಿಂದ ಅವನ್ನು ಹೆಚ್ಚಾಗಿ ಸೇರಿಸುವುದುಂಟು. ಬರೀ ಬೆಲ್ಲದ ಗಂಜಿ, ಕಬ್ಬಿನಹಾಲು ಬೇಡ.

ಊಟ ಶುರುವಾದ ಮೊದಲ ದಿನಗಳಲ್ಲಿ ಏದುಸಿರು, ಎದೆಬಡಿತ ತಪ್ಪುವುದು, ಮಾತಿನಲ್ಲಿ ಗೊಂದಲ, ನಡೆಯುವಾಗ ಓಲಾಟ, ಫಿಟ್ಸ್ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಕಾಲು ಬಾತುಕೊಂಡರೆ ಅಂದೇ ವೈದ್ಯರಿಗೆ ತೋರಿಸಿ. ಬಾವು ಬಂದಾಗ ತೂಕವೂ ಥಟ್ಟನೆ ಏರುತ್ತದೆ. ಅದು ಬಹುಪಾಲು ನೀರು, ಆದರೆ ಅನೊರೆಕ್ಸಿಯಾ ಇದ್ದವರು ಅದನ್ನು ನೋಡಿಯೇ ಮತ್ತೆ ಊಟ ಬಿಡಬಹುದು. ಇದು ನೀರಿನ ತೂಕ ಎಂದು ಮುಂಚಿತವಾಗಿ ತಿಳಿಸಿಹೇಳಿ. ‘ಮಾರಿ ತುಂಬೈತಿ ನೋಡವ್ವ’ ಎಂಬ ಪ್ರೀತಿಯ ಮಾತು ಅವರ ಕಿವಿಗೆ ‘ದಪ್ಪಾದಿ’ ಎಂದೇ ಬೀಳುತ್ತದೆ. ಬಂದ ನೆಂಟರಿಗೂ ಇದನ್ನು ಬಾಗಿಲಲ್ಲೇ ಹೇಳಿಬಿಡಿ. ಮನಸ್ಸಿನ ಚಿಕಿತ್ಸೆಗೆ ದಾರಿ ಕೇಳಲು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.